ಮನೆಯಲ್ಲೇ ಬರೆದು ತಿಂಗಳಿಗೆ 30,000: ಈ ಸಂದೇಶ ನಂಬಬಹುದೇ?

‘ದಿನಕ್ಕೆ ನಾಲ್ಕು ಪುಟ ಬರೆಯಿರಿ, ತಿಂಗಳಿಗೆ 30,000 ರೂ. ಗಳಿಸಿ. ನೋಂದಣಿ ಶುಲ್ಕ ಮಾತ್ರ ಕಟ್ಟಿ.’ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ನಿಮ್ಮ ವಾಟ್ಸಾಪ್ ಗುಂಪಿಗೂ ಇಂಥದ್ದು ಬಂದಿರಬಹುದು.

ನಿಜ ಏನು?
ಫ್ರೀಲಾನ್ಸ್ ಬರವಣಿಗೆ ನಿಜವಾದ ವೃತ್ತಿಯೇ. ಆದರೆ ಅಲ್ಲಿ ಬರೆಸುವವರು ಬರೆಯುವವರಿಗೆ ದುಡ್ಡು ಕೊಡಬೇಕು. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತಂದ ರೈತರಿಗೆ ರೀಲರ್ ದುಡ್ಡು ಕೊಡುತ್ತಾರೆಯೇ ಹೊರತು ಅವರಿಂದಲೇ ಕೇಳುವುದಿಲ್ಲ.

ಮೋಸ ನಡೆಯುವುದು ಹೇಗೆ?
ಶುಲ್ಕ ಕಟ್ಟಿಸಿಕೊಂಡು ಕೆಲಸ ಕೊಡುತ್ತಾರೆ. ಮುಗಿಸಿದ ಮೇಲೆ ‘ತಪ್ಪು ಜಾಸ್ತಿ, ಕರಾರು ಮುರಿದಿದ್ದೀರಿ’ ಎಂದು ವಕೀಲರ ಹೆಸರಲ್ಲಿ ನೋಟಿಸ್ ಕಳಿಸಿ ದಂಡ ಕೇಳುತ್ತಾರೆ. ಹೆದರಿ ಕಟ್ಟಬೇಡಿ. ಸಂದೇಶ, ಪಾವತಿಯ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ನಿಜವಾದ ಕೆಲಸದಲ್ಲಿ ತೊಂದರೆ ಇಲ್ಲವೇ?
ಇದೆ. ಹಣ ತಡವಾಗುತ್ತದೆ, ಈ ತಿಂಗಳಿದ್ದ ಕೆಲಸ ಮುಂದಿನ ತಿಂಗಳು ಇರುವುದಿಲ್ಲ. ಹಾಗಾಗಿ ದರ ಎಷ್ಟು, ಹಣ ಯಾವಾಗ, ಎಷ್ಟು ಸಲ ತಿದ್ದಿಕೊಡಬೇಕು ಎಂಬುದನ್ನು ಮೊದಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಸಂಸ್ಥೆ ಶೇ. 10 ಟಿಡಿಎಸ್ ಹಿಡಿದರೆ ಅದು ಮೋಸವಲ್ಲ. ನಿಮ್ಮ ಆದಾಯ ತೆರಿಗೆ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ನಿಮ್ಮ ಬರಹದ ಹಕ್ಕನ್ನು ಬೇರೆಯವರಿಗೆ ವಹಿಸಿಕೊಡಲು ಸಹಿ ಇರುವ ಬರಹ ಬೇಕು. ಬಾಯಿಮಾತು ಸಾಲದು.

ನಾವು ಹೇಳುವುದಿಷ್ಟೇ: ಕೆಲಸ ಕೊಡುವವರೇ ಹಣ ಕೇಳಿದರೆ ಕಟ್ಟಲೂಬೇಡಿ, ಫಾರ್ವರ್ಡ್ ಮಾಡಲೂಬೇಡಿ.