ಅನ್ನನಾಳದ ಕ್ಯಾನ್ಸರ್: ಪ್ರೋಟೀನು ಭವಿಷ್ಯ ಹೇಳೀತೇ?

ಮನೆಯಲ್ಲೊಬ್ಬರಿಗೆ ಅನ್ನನಾಳದ ಕ್ಯಾನ್ಸರ್ ಎಂದು ಗೊತ್ತಾದಾಗ, ಬಯಾಪ್ಸಿ ವರದಿ ಹಿಡಿದು ನಮ್ಮಂಥ ಸಾಮಾನ್ಯ ವೈದ್ಯರಲ್ಲಿಗೂ ಬರುವವರಿದ್ದಾರೆ. ಅದರಲ್ಲಿ ಪಿ53, ಕೆಐ-67, ಹರ್-2, ಪಿಡಿ-ಎಲ್1 ಎಂಬ ಪ್ರೋಟೀನುಗಳ ಹೆಸರು, ಪಕ್ಕದಲ್ಲಿ ಅಂಕಿಗಳು. 'ಇದರ ಪ್ರಕಾರ ಇವರಿಗೆ ಎಷ್ಟು ದಿನ ಇದೆ ಡಾಕ್ಟರೇ?' ಎಂಬುದೇ ಪ್ರಶ್ನೆ. ವರದಿಯನ್ನು ಜಾತಕದಂತೆ ಓದುವುದು ತರವಲ್ಲ ಎಂದು ನನ್ನ ಅನಿಸಿಕೆ.

ಜೀವಕೋಶಗಳು ಹದ್ದುಮೀರಿ ಬೆಳೆಯದಂತೆ ಕಾಯುವ ಪ್ರೋಟೀನು ಪಿ53. ಎಷ್ಟು ಕೋಶಗಳು ವಿಭಜನೆಯಲ್ಲಿ ತೊಡಗಿವೆ ಎಂಬುದನ್ನು ಕೆಐ-67 ತೋರಿಸುತ್ತದೆ. ಇವುಗಳಲ್ಲಿ ಏರುಪೇರಾದರೆ ರೋಗ ಉಗ್ರ ಎಂದು ಕೆಲವು ಅಧ್ಯಯನಗಳು ಹೇಳಿದರೆ, ಅಂಥ ಸಂಬಂಧ ಕಾಣಲಿಲ್ಲ ಎಂದು ಇನ್ನು ಕೆಲವು ಹೇಳುತ್ತವೆ. ಅಧ್ಯಯನಗಳು ಬಹುಮಟ್ಟಿಗೆ ಚಿಕ್ಕವು. ಎಷ್ಟಿದ್ದರೆ 'ಹೆಚ್ಚು' ಎನ್ನಬೇಕೆಂಬ ಗೆರೆಯೂ ಒಂದೊಂದು ಕಡೆ ಒಂದೊಂದು. ಬೇರೆ ಕ್ಯಾನ್ಸರುಗಳಲ್ಲೂ ಇದೇ ಗೊಂದಲವಿದ್ದುದರಿಂದ, ಇಂಥ ಅಧ್ಯಯನಗಳನ್ನು ಹೇಗೆ ವರದಿ ಮಾಡಬೇಕೆಂದು ತಿಳಿಸುವ 'ರಿಮಾರ್ಕ್' ಮಾರ್ಗಸೂಚಿಯನ್ನು ತಜ್ಞರು 2005ರಲ್ಲಿ ಹೊರತರಬೇಕಾಯಿತು. ಮೇಲಾಗಿ, ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಸ್ಕ್ವಾಮಸ್ ಬಗೆಯ ಗಡ್ಡೆಗಳಲ್ಲಿ ಬಹುಪಾಲಿನಲ್ಲಿ ಪಿ53 ಕೆಟ್ಟೇ ಇರುತ್ತದೆ. ಹೆಚ್ಚುಕಡಿಮೆ ಎಲ್ಲರಲ್ಲೂ ಇರುವ ದೋಷದಿಂದ ಒಬ್ಬರ ಆಯಸ್ಸನ್ನು ಅಳೆಯುವುದು ಹೇಗೆ?

ಹರ್-2 ಮತ್ತು ಪಿಡಿ-ಎಲ್1 ಮಾತು ಬೇರೆ. ಇವು ಔಷಧದ ಆಯ್ಕೆಗೆ ನೆರವಾಗುತ್ತವೆ. ಅನ್ನನಾಳವು ಜಠರವನ್ನು ಸೇರುವಲ್ಲಿ ಬರುವ ಅಡಿನೋ ಬಗೆಯ ಕ್ಯಾನ್ಸರ್ ಹರಡಿದ್ದು, ಹರ್-2 ಹೆಚ್ಚಿದ್ದರೆ, ಕಿಮೋಥೆರಪಿಯ ಜತೆ ಟ್ರಾಸ್ಟುಜುಮ್ಯಾಬ್ ಕೊಟ್ಟಾಗ ಆಯಸ್ಸು ಹೆಚ್ಚುತ್ತದೆಂದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧದಿಂದ ಪಿಡಿ-ಎಲ್1 ಹೆಚ್ಚಿದ್ದವರಿಗೆ ಹೆಚ್ಚು ಪ್ರಯೋಜನವೆಂದು 2021ರ ಅಧ್ಯಯನ ತಿಳಿಸಿತು. ಔಷಧ ದುಬಾರಿ, ನಿಜ. ಆದರೂ ಅಂಕಿ ನೋಡಿ ಹೆದರುವ ಬದಲು, 'ಈ ಪರೀಕ್ಷೆಯಿಂದ ಚಿಕಿತ್ಸೆ ಬದಲಾಗುತ್ತದೆಯೇ?' ಎಂದು ತಜ್ಞರನ್ನು ಕೇಳಿ. ಇಲ್ಲ ಎಂದಾದರೆ ಅದಕ್ಕೆ ಹಣ ಸುರಿಯುವುದೇಕೆ? ತಿಂಗಳಿಗೊಮ್ಮೆ ತಾವಾಗಿಯೇ ಸಿಇಎ ರಕ್ತಪರೀಕ್ಷೆ ಮಾಡಿಸುವವರಿಗೂ ಇದೇ ಮಾತು. ಧೂಮಪಾನಿಗಳಲ್ಲಿ ಕ್ಯಾನ್ಸರ್ ಇಲ್ಲದೆಯೂ ಅದು ಏರಿರುವುದುಂಟು.

ರೋಗ ಅನ್ನನಾಳದ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ, ಎಷ್ಟು ದುಗ್ಧಗ್ರಂಥಿಗಳಿಗೆ, ಯಾವ ಅಂಗಕ್ಕೆ ಹರಡಿದೆ ಎಂಬುದೇ ಇಂದಿಗೂ ಮುಖ್ಯ.

ಪ್ರೋಟೀನನ್ನೇ ನೋಡುವುದಾದರೆ ನಾನು ಮೊದಲು ನೋಡುವುದು ರಕ್ತದ ಅಲ್ಬುಮಿನ್. ಇದು ಅಗ್ಗದ ಪರೀಕ್ಷೆ. ಸಣ್ಣ ಲ್ಯಾಬಿನಲ್ಲೂ ಆಗುತ್ತದೆ. ಸಾಮಾನ್ಯವಾಗಿ ಡೆಸಿಲೀಟರಿಗೆ 3.5ರಿಂದ 5 ಗ್ರಾಂ ಇರಬೇಕು. ಕಡಿಮೆಯಿದ್ದವರು ಶಸ್ತ್ರಚಿಕಿತ್ಸೆ, ಕಿಮೋಥೆರಪಿಯನ್ನು ತಾಳಿಕೊಳ್ಳುವುದು ಕಷ್ಟ. ಉರಿಯೂತದಿಂದಲೂ ಅದು ಇಳಿಯುವುದರಿಂದ ಮೊಟ್ಟೆ ತಿನ್ನಿಸಿದ ಮಾತ್ರಕ್ಕೆ ಏರಿಬಿಡದು. ಆದರೆ ತೂಕವೂ ಇಳಿಯುತ್ತಿದ್ದರೆ, ನಳಿಕೆಯ ಮೂಲಕ ಆಹಾರ ಕೊಡಬೇಕೇ ಎಂದು ಚಿಕಿತ್ಸೆಗೆ ಮುನ್ನವೇ ವಿಚಾರಿಸಿ. ನಳಿಕೆ ಎಂದಕೂಡಲೇ 'ಕೊನೆಗಾಲ ಬಂತು' ಎಂದು ಬೇಡವೆನ್ನುವ ಮನೆಗಳಿವೆ. ಗಂಜಿಯೂ ಗಂಟಲಲ್ಲಿ ಇಳಿಯದವರು ಆ ನಳಿಕೆಯ ಆಹಾರದ ಬಲದಿಂದಲೇ ರೇಡಿಯೇಷನ್ ಪೂರೈಸುವುದುಂಟು.