ಬ್ಯಾಟರ್ ಕ್ಯಾಚರ್‌ಗೆ ಅಡ್ಡ ಬಂದರೆ ಔಟೇ? ಬೇಸ್‌ಬಾಲ್ ನಿಯಮ ಹೇಳುವುದೇನು?

ಬೇಸ್‌ಬಾಲ್‌ನಲ್ಲಿ ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ನಮ್ಮ ವಿಕೆಟ್ ಕೀಪರ್ ಇದ್ದಂತೆ. ಇಬ್ಬರೂ ಡಿಕ್ಕಿ ಹೊಡೆದ ಹತ್ತು ಸೆಕೆಂಡಿನ ವಿಡಿಯೊ ನೋಡಿ ‘ಅಂಪೈರ್ ಮೋಸ ಮಾಡಿದ’ ಎಂದು ಫಾರ್ವರ್ಡ್ ಮಾಡುವುದು ಸುಲಭ. ಆದರೆ ಡಿಕ್ಕಿಯಾದದ್ದೆಲ್ಲ ತಪ್ಪಲ್ಲ. ಮೈ ತಾಗದಿದ್ದರೂ ಔಟ್ ಕೊಡಬಹುದು.

ಗೆರೆಯೊಳಗೆ ಇದ್ದರೆ ಬ್ಯಾಟರ್ ಸೇಫ್ ಎಂಬುದು ನಿಜವೇ?

ಪೂರ್ತಿ ನಿಜವಲ್ಲ. ರನ್ನರ್ ಮುಂದಿನ ಬೇಸ್ ಕದಿಯಲು ಓಡುತ್ತಾನೆ, ಅವನನ್ನು ಔಟ್ ಮಾಡಲು ಕ್ಯಾಚರ್ ಚೆಂಡು ಎಸೆಯುತ್ತಾನೆ ಎಂದುಕೊಳ್ಳಿ. ಆಗ ಬ್ಯಾಟರ್ ತನ್ನ ಗೆರೆ ದಾಟಿ ಅಡ್ಡ ಬಂದರೆ ಔಟ್. ಬೇಕೆಂದೇ ಮಾಡಿರಬೇಕೆಂದೇನಿಲ್ಲ. ಗೆರೆಯೊಳಗೆ ಸುಮ್ಮನೆ ನಿಂತಿದ್ದರೆ ಸಾಮಾನ್ಯವಾಗಿ ತಪ್ಪಿಲ್ಲ. ಅಲ್ಲೇ ಬೇರೆ ಚಲನೆ ಮಾಡಿ ತೊಂದರೆ ಕೊಟ್ಟರೆ ಔಟ್ ಕೊಡಬಹುದು. ಅಡ್ಡಿಯ ನಡುವೆಯೂ ಕ್ಯಾಚರ್‌ನ ಮೊದಲ ಎಸೆತಕ್ಕೇ ರನ್ನರ್ ಔಟಾದರೆ ಆ ಔಟ್ ನಿಲ್ಲುತ್ತದೆ, ಬ್ಯಾಟರ್ ಉಳಿಯುತ್ತಾನೆ.

ಚೆಂಡು ಹೊಡೆದ ಮೇಲೆ ಏನಾಗುತ್ತದೆ?

ಆಗ ಬ್ಯಾಟರೇ ರನ್ನರ್ ಆಗುತ್ತಾನೆ, ಬೇರೆ ನಿಯಮ ಅನ್ವಯಿಸುತ್ತದೆ. 1975ರ ಅಕ್ಟೋಬರ್ 14ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ನಡೆದ ವರ್ಲ್ಡ್ ಸೀರೀಸ್‌ನ 3ನೇ ಪಂದ್ಯ ಇದಕ್ಕೆ ಪ್ರಸಿದ್ಧ ಉದಾಹರಣೆ. 10ನೇ ಇನಿಂಗ್ಸ್‌ನಲ್ಲಿ ಸಿನ್ಸಿನಾಟಿಯ ಎಡ್ ಆರ್ಮ್‌ಬ್ರಿಸ್ಟರ್ ಚೆಂಡನ್ನು ಮೆಲ್ಲಗೆ ತಟ್ಟಿ ಓಡಲು ಹೊರಟಾಗ, ಚೆಂಡು ಹಿಡಿಯಲು ಬಂದ ಬಾಸ್ಟನ್‌ನ ಕ್ಯಾಚರ್ ಕಾರ್ಲ್‌ಟನ್ ಫಿಸ್ಕ್‌ಗೆ ಡಿಕ್ಕಿಯಾಯಿತು. ಫಿಸ್ಕ್ ಎಸೆತ ಗುರಿ ತಪ್ಪಿತು. ಬೇಕೆಂದು ಮಾಡಿದ್ದಲ್ಲ ಎಂದು ಅಂಪೈರ್ ಲ್ಯಾರಿ ಬಾರ್ನೆಟ್ ಔಟ್ ಕೊಡಲಿಲ್ಲ. ಸಿನ್ಸಿನಾಟಿ 6-5ರಿಂದ ಗೆದ್ದಿತು. ಬಾರ್ನೆಟ್‌ಗೆ ಕೊಲೆ ಬೆದರಿಕೆಗಳು ಬಂದವು.

ಆ ತೀರ್ಪಿನ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಕ್ಯಾಚರ್ ಚೆಂಡು ಹಿಡಿಯುವಾಗ, ಮೊದಲ ಬೇಸ್‌ಗೆ ಓಡುವ ಬ್ಯಾಟರ್‌ಗೆ ಮೈ ತಾಗಿದರೆ ಸಾಮಾನ್ಯವಾಗಿ ಅದು ತಪ್ಪಲ್ಲ ಎಂದೇ ಇಂದಿನ ನಿಯಮಪುಸ್ತಕವೂ ವಿವರಿಸುತ್ತದೆ.

ಕ್ರಿಕೆಟ್‌ನಲ್ಲಿ ಹೇಗೆ?

ಕ್ರಿಕೆಟ್‌ನ 37ನೇ ನಿಯಮ ಮುಖ್ಯವಾಗಿ ಉದ್ದೇಶವನ್ನು ನೋಡುತ್ತದೆ. 2024ರ ಐಪಿಎಲ್‌ನಲ್ಲಿ ರಾಜಸ್ಥಾನದ ವಿರುದ್ಧ ಓಟದ ದಾರಿ ಬದಲಿಸಿ ಎಸೆತಕ್ಕೆ ಅಡ್ಡ ಬಂದರೆಂದು ಚೆನ್ನೈನ ರವೀಂದ್ರ ಜಡೇಜ ಔಟಾದರು. ಕ್ರಿಕೆಟ್‌ನ ಈ ಅಳತೆಗೋಲಿನಲ್ಲೇ ಬೇಸ್‌ಬಾಲ್ ವಿಡಿಯೊ ಅಳೆದರೆ ಎಡವುತ್ತೇವೆ.

ಫಾರ್ವರ್ಡ್ ಮಾಡುವ ಮುನ್ನ ಮೂರು ಸಂಗತಿ ನೋಡಿ: ಚೆಂಡು ಬ್ಯಾಟ್‌ಗೆ ತಾಗಿತ್ತೇ? ಬ್ಯಾಟರ್ ಗೆರೆಯೊಳಗಿದ್ದನೇ? ಕ್ಯಾಚರ್ ಎಸೆತಕ್ಕೆ ರನ್ನರ್ ಔಟಾದನೇ? ಇವು ಕಾಣದ ತುಣುಕನ್ನು ನಂಬಿ ಅಂಪೈರ್‌ಗೆ ಮೋಸಗಾರನ ಪಟ್ಟ ಕಟ್ಟಬೇಡಿ.