ಮೊರುಲಾ ಅಂದ್ರೆ ಹಿಪ್ಪುನೇರಳೆ ಹಣ್ಣು!



ಯುಗ್ಮಜ, ಮೊರುಲಾ, ಬ್ಲಾಸ್ಟುಲಾ, ಗ್ಯಾಸ್ಟ್ರುಲಾ. ಜೀವಶಾಸ್ತ್ರ ಓದುವ ಅಣ್ಣ ಅಕ್ಕಂದಿರು ಇದನ್ನ ಮಗ್ಗಿ ಹಂಗ ಬಾಯಿಪಾಠ ಮಾಡ್ತಾರ. ಮೊರುಲಾ ಅಂದ್ರೇನು ಅಂತ ಕೇಳಿದ್ರೆ "ಭ್ರೂಣದ ಒಂದು ಹಂತ" ಅಂತಾರ, ಅಷ್ಟೇ. ಹೀಗೆ ಓದಿದರೆ ಪರೀಕ್ಷೆ ಪಾಸಾಗಬಹುದು, ವಿಜ್ಞಾನ ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಪದ ಏನೂ ಕಷ್ಟದ್ದಲ್ಲ. ಲ್ಯಾಟಿನ್ ಭಾಷೆಯಲ್ಲಿ 'ಮೋರಮ್' ಅಂದ್ರೆ ಹಿಪ್ಪುನೇರಳೆ ಹಣ್ಣು. ರೇಷ್ಮೆ ಹುಳಕ್ಕೆ ಎಲೆ ಹಾಕ್ತಾರಲ್ಲ, ಅದೇ ಗಿಡದ್ದು. ಆ ಹಣ್ಣಿನ ಮೈತುಂಬ ಗುಂಡು ಗುಂಡು ಕಾಳು ಒತ್ತಿಕೊಂಡು ಕೂತಿರುತ್ತವೆ. ಭ್ರೂಣವೂ ಮೊದಲಿಗೆ ಹಾಗೇ ಕಾಣುತ್ತದೆ. 1870ರ ದಶಕದಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಕೆಲ್ ಎಂಬ ವಿಜ್ಞಾನಿ ಇಂಥ ಹೆಸರುಗಳನ್ನು ಬಳಕೆಗೆ ತಂದರು. ಅವರು ಹಣ್ಣು ನೋಡಿ ಹೆಸರಿಟ್ಟರು, ನಾವು ಹಣ್ಣು ಬಿಟ್ಟು ಹೆಸರಷ್ಟೇ ಹಿಡಿದೀವಿ!

ಕಪ್ಪೆ ಮೊಟ್ಟೆ ಒಂದೇ ಜೀವಕೋಶ. ಫಲಿತವಾದ ಮೇಲೆ ಅದು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತದೆ. ಎಂಟಾಗುವಾಗ ಒಂದು ಮಜಾ ಐತಿ. ಸೀಳು ನಟ್ಟನಡುವೆ ಬೀಳದೆ ಸ್ವಲ್ಪ ಮೇಲೆ ಬೀಳುತ್ತದೆ. ಹಾಗಾಗಿ ಮೇಲಿನ ನಾಲ್ಕು ಸಣ್ಣವು, ಕೆಳಗಿನ ನಾಲ್ಕು ದೊಡ್ಡವು. ಮರಿಗೆ ಬೇಕಾದ ಆಹಾರವೆಲ್ಲ ಕೆಳಗೇ ಹೆಚ್ಚು ಇರುವುದು ಇದಕ್ಕೆ ಕಾರಣ. ಹದಿನಾರು, ಮೂವತ್ತೆರಡು ಆದರೂ ಒಟ್ಟು ಗಾತ್ರ ಮಾತ್ರ ಬೆಳೆಯುವುದಿಲ್ಲ. ಅವ್ವ ರೊಟ್ಟಿ ಹಿಟ್ಟನ್ನ ಉಂಡೆ ಮಾಡಿದಂಗ: ಉಂಡೆ ಹೆಚ್ಚಾದರೂ ಹಿಟ್ಟು ಅಷ್ಟೇ.

ಮನುಷ್ಯರೂ ತಾಯಿಯ ಹೊಟ್ಟೆಯಲ್ಲಿ ಮೂರು ನಾಲ್ಕನೇ ದಿನಕ್ಕೆ ಹೀಗೇ ಇರುತ್ತಾರೆ. ಹೆಡ್‌ಮಾಸ್ತರರೂ ಒಂದು ದಿನ ಮೊರುಲಾ ಆಗಿದ್ದವರೇ. (ಸಿಟ್ಟು ಮಾಡ್ಕೋಬ್ಯಾಡ್ರಿ ಸರ್.)

ಇದನ್ನ ನೋಡೋಕೆ ದೊಡ್ಡ ಊರಿನ ಕಾಲೇಜು ಬೇಕಿಲ್ಲ. ವಿಜಯನಗರದ ಕಾಲದ ಕೆರೆ ನಮ್ಮೂರಲ್ಲೇ ಐತಿ. ಮಳೆ ಬಿದ್ದಾಗ ದಂಡೆಯ ನೀರಲ್ಲಿ, ಹೊಲದ ಗುಂಡಿಯಲ್ಲಿ ಲೋಳೆಯೊಳಗೆ ಕರೀ ಚುಕ್ಕಿ ಕಾಣ್ತಾವ. ಕೆಲವರು ಅದನ್ನ ಕಡ್ಡಿಯಿಂದ ಕಲಕಿ, ಕಲ್ಲು ಹೊಡೆದು ಹಾಳು ಮಾಡ್ತಾರ. ಕಮಲಾಪುರದ ಮ್ಯೂಸಿಯಂನಲ್ಲಿರುವ ಕಲ್ಲು ನೋಡೋಕೆ ಪರದೇಶದವರು ಬರ್ತಾರ, ನಾವು ಮಾತ್ರ ಕೆರೆಯಲ್ಲಿರುವ ಜೀವ ನೋಡೋದಿಲ್ಲ!

ಆದ್ದರಿಂದ ಗುರುಗಳಲ್ಲಿ ಒಂದು ವಿನಂತಿ. ಮಳೆಗಾಲದಲ್ಲಿ ರಾತ್ರಿ ಕಪ್ಪೆ ಜೋರಾಗಿ ವಟಗುಟ್ಟಿದರೆ, ಮರುದಿನ ನಸುಕಿನಲ್ಲೇ ನಮ್ಮನ್ನು ದಂಡೆಗೆ ಕರ್ಕೊಂಡು ಹೋಗ್ರಿ. ಪ್ರಾರ್ಥನೆ ಗಂಟೆ ಹೊಡೆಯೋತನಕ ಕಾದರೆ ಆಗೋದಿಲ್ಲ, ಕೆಲವೇ ತಾಸಿನಲ್ಲಿ ಆ ಹಂತ ದಾಟಿಬಿಡುತ್ತದೆ. ಒಂದು ಬಿಳಿ ಬಟ್ಟಲು, ಒಂದು ಭೂತಗನ್ನಡಿ ಸಾಕು. ನಾಲ್ಕೈದು ಮೊಟ್ಟೆ ನೋಡಿ, ಚಿತ್ರ ಬರೆದುಕೊಂಡು, ವಾಪಸ್ ಅದೇ ನೀರಿಗೆ ಬಿಡೋಣ. ಬಟ್ಟಲು ನಾನು ತರ್ತೀನಿ.